ಮಕ್ಕಳ ಮಾತಿಗೂ ಮನೆಯಲ್ಲಿ ಎಡೆಯಿರಲಿ
(ಅಳ್ನಾವರದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದೊಡನೆ ಡಾಕ್ಟರು ಆಪರೇಷನ್ನಿನ ಮಾತು ತೆಗೆಯುವರೆಂದು ನೀವು ಎಣಿಸಿರಬಹುದು. ಆ ಮಾತು ನಡುವೆ ಬಂದೇ ಬರುವುದು. ಆದರೆ ಎಷ್ಟು ಮಕ್ಕಳಿರಬೇಕೆಂಬುದನ್ನು ಇಂತಹ ಸಭೆಗಳಲ್ಲಿ ಅನೇಕ ಸಲ ಹೇಳಿಯಾಗಿದೆ. ಹುಟ್ಟಿದ ಮಕ್ಕಳು ಏನು ಹೇಳುತ್ತಾರೆಂಬುದನ್ನು ಕೇಳುವ ಕುರಿತು ಹೇಳಿದ್ದು ಕಡಿಮೆ. ಇಂದು ಅದನ್ನೇ ಹೇಳಬೇಕೆಂದು ಬಂದಿದ್ದೇನೆ. ಇದಕ್ಕೆ ಕಾರಣವಾದುದು ನನ್ನದೇ ಒಂದು ತಪ್ಪು. ಮೊದಲು ಅದನ್ನು ಒಪ್ಪಿಕೊಳ್ಳುತ್ತೇನೆ.

ನಾನು ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಸಂಜೆ ಹತ್ತು ವರುಷದ ಹುಡುಗನೊಬ್ಬನನ್ನು ಅವನ ತಂದೆ ಆಸ್ಪತ್ರೆಗೆ ಕರೆತಂದರು. ಹುಡುಗನಿಗೆ ವಾಂತಿ, ತಲೆನೋವು, ಮೈಯೆಲ್ಲ ಬೆವರು. "ನಿನ್ನೆ ಜಾತ್ರಿಯೊಳಗ ಏನರೆ ತಿಂದಾನ್ರಿ ಸಾಹೇಬ್ರ" ಎಂದರು ತಂದೆ. ನಾನು ಅವರನ್ನು ನಾಲ್ಕು ಪ್ರಶ್ನೆ ಕೇಳಿದೆ. ಎದುರಿಗೇ ಕುಳಿತಿದ್ದ ಹುಡುಗನನ್ನು ಒಂದನ್ನೂ ಕೇಳಲಿಲ್ಲ. ವಾಂತಿ ನಿಲ್ಲುವ ಔಷಧ ಬರೆದು ಬೆಂಚಿನ ಮೇಲೆ ಮಲಗಿಸಿದೆ. ಸುಮಾರು ಅರ್ಧ ತಾಸಿನ ಮೇಲೆ ನಮ್ಮ ನರ್ಸಮ್ಮನವರು ಅವನ ಬಾಯಿ ಒರೆಸುತ್ತ "ಯಾಕಪ್ಪಾ ತಮ್ಮಾ, ಏನಾತು?" ಎಂದು ಸಹಜವಾಗಿ ಕೇಳಿದರು. ಅವನು ಮೆಲ್ಲಗೆ, "ಅಪ್ಪ ಹತ್ತಿಗೆ ಎಣ್ಣಿ ಹೊಡಿಯೋ ಮುಂದ ನಾ ಕೈಲೇ ಎಣ್ಣಿ ಕಲಸಿ ಪಂಪಿಗೆ ಹಾಕಿ ಕೊಟ್ಟೇನ್ರಿ, ಅಂಗಿ ಮ್ಯಾಲ ಚೆಲ್ಲೇತಿ" ಎಂದನು. ಆಗ ನಾನು ಬ್ಯಾಟರಿ ಹಿಡಿದು ಅವನ ಕಣ್ಣು ನೋಡಿದೆನು. ಕಣ್ಣಪಾಪೆಗಳು ಸೂಜಿಮೊನೆಯಷ್ಟು ಚಿಕ್ಕದಾಗಿದ್ದವು. ಕೀಟನಾಶಕದ ವಿಷ ಚರ್ಮದ ಮೂಲಕ ಮೈಯೊಳಗೆ ಇಳಿದಿತ್ತು. ಅಂಗಿ ಬಿಚ್ಚಿಸಿ, ಸಾಬೂನಿನಿಂದ ಮೈ ತೊಳೆಯಿಸಿ, ಅಟ್ರೋಪಿನ್ ಚುಚ್ಚುಮದ್ದು ಕೊಟ್ಟು ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಹುಡುಗ ಬದುಕಿದನು.

ತಂದೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹೊಲದ ಕೆಲಸಕ್ಕೂ ವಾಂತಿಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೇ. ಕೇಳಬೇಕಾದವನು ನಾನು. ಹುಡುಗನಾದರೂ ಏಕೆ ತಾನಾಗಿ ಹೇಳಲಿಲ್ಲ? ದೊಡ್ಡವರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದೆಂದು ನಾವೇ ಕಲಿಸಿದ್ದೇವೆ. ಆ ಕಲಿಕೆ ಅಂದು ಅವನ ಜೀವಕ್ಕೇ ಎರವಾಗುತ್ತಿತ್ತು.

ತನ್ನ ಮೈಯ ಸುದ್ದಿ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ಐದಾರು ವರುಷದ ಕೂಸು ಕೂಡ ನೋವು ಎಲ್ಲಿದೆ, ಎಂದಿನಿಂದ ಇದೆ, ಏನು ಮಾಡಿದರೆ ಹೆಚ್ಚಾಗುವುದು ಎಂಬುದನ್ನು ತನ್ನ ಮಾತಿನಲ್ಲಿ ಹೇಳಬಲ್ಲುದು. ಮೈಗೆ ನಿಜವಾದುದು ಮನಸ್ಸಿಗೂ ನಿಜ. ಯಾರ ಮನೆಗೆ ಹೋಗಲು ಮಗು ಹೆದರುತ್ತದೆ, ಯಾವ ದಾರಿಯಲ್ಲಿ ನಡೆಯಲು ಹಿಂಜರಿಯುತ್ತದೆ ಎಂಬುದನ್ನು ಹಟವೆಂದು ತಳ್ಳಿಹಾಕದೆ ಒಂದು ಗಳಿಗೆ ಕುಳಿತು ಕೇಳಿರಿ. ಮಕ್ಕಳ ಮೇಲೆ ಕೈಮಾಡುವವರು ಬಹುಪಾಲು ಪರಿಚಯದವರೇ ಆಗಿರುತ್ತಾರೆಂಬುದು ಕಹಿಯಾದರೂ ನಿಜವಾದ ಮಾತು.

ಇದು ಕೇವಲ ಡಾಕ್ಟರನ ಅಭಿಪ್ರಾಯವಲ್ಲ. 1989ರಲ್ಲಿ ವಿಶ್ವಸಂಸ್ಥೆಯು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶವು 1992ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಹಿರಿಯರು ಅದಕ್ಕೆ ಬೆಲೆ ಕೊಡಬೇಕು ಎಂದು ಅದರ 12ನೆಯ ವಿಧಿ ಹೇಳುತ್ತದೆ. ಬೆಲೆ ಕೊಡುವುದೆಂದರೆ ಮಗು ಹೇಳಿದಂತೆಯೇ ನಡೆಯುವುದಲ್ಲ. ಲಸಿಕೆ ಬೇಡವೆಂದು ಅತ್ತರೆ ಲಸಿಕೆ ಬಿಡಲಾಗದು. ಆದರೆ "ನೋವಾಗಂಗಿಲ್ಲ" ಎಂದು ಸುಳ್ಳು ಹೇಳಿ ಕರೆತರುವುದರ ಬದಲು "ಒಂದು ಚೂರು ನೋವಾಗ್ತೈತಿ, ನಾ ಕೈ ಹಿಡಕೊಂಡಿರ್ತೀನಿ" ಎಂದು ಹೇಳಿ ಕರೆತರಬಹುದಲ್ಲವೇ? ಇನ್ನೊಂದು ಮಾತು. ಗಂಡ ಹೆಂಡಿರ ಜಗಳದಲ್ಲಿ "ನೀ ಹೇಳು, ತಪ್ಪು ಯಾರದು?" ಎಂದು ಮಕ್ಕಳನ್ನು ಪಂಚರ ಜಾಗದಲ್ಲಿ ಕೂರಿಸುವವರಿದ್ದಾರೆ. ಅದು ಮಕ್ಕಳ ಮಾತಿಗೆ ಬೆಲೆ ಕೊಡುವ ರೀತಿಯಲ್ಲ. ಹೊರಲಾರದ ಹೊರೆಯನ್ನು ಅವರ ತಲೆಯ ಮೇಲೆ ಇಟ್ಟಂತೆ.

ಹೊರೆಯ ಮಾತು ಬಂದುದರಿಂದ ಹಿರಿಯ ಮಗಳ ಮಾತನ್ನು ಎತ್ತುತ್ತೇನೆ. ನಿಮ್ಮ ಓಣಿಯಲ್ಲಿಯೇ ನೋಡಿರಿ. ಒಂಬತ್ತು ವರುಷದ ಹುಡುಗಿಯ ಸೊಂಟದ ಮೇಲೆ ವರುಷದ ತಮ್ಮ, ಸೆರಗು ಹಿಡಿದು ಹಿಂದೆ ಎರಡು ವರುಷದ ತಂಗಿ. ತಾಯಿ ನಾಟಿಗೋ ಕಬ್ಬಿನ ಕೆಲಸಕ್ಕೋ ಹೋಗಿರುತ್ತಾಳೆ. ಎರಡು ಹೆರಿಗೆಗಳ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ಗಂಡ ಹೆಂಡಿರು ನಿರ್ಧರಿಸುತ್ತಾರೆ, ಅಥವಾ ನಿರ್ಧರಿಸದೆಯೇ ಬಿಡುತ್ತಾರೆ. ಅದರ ಭಾರ ಬೀಳುವುದು ಈ ಹುಡುಗಿಯ ಸೊಂಟದ ಮೇಲೆ. 6ರಿಂದ 14 ವರುಷದ ಪ್ರತಿಯೊಂದು ಮಗುವೂ ಶಾಲೆಯಲ್ಲಿರಬೇಕೆಂಬ ಕಾನೂನು 2010ರಿಂದ ಜಾರಿಯಲ್ಲಿದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರೂ ಇದೆ. ಆದರೆ ಸುಗ್ಗಿಯ ತಿಂಗಳಲ್ಲಿ ಅವಳ ಜಾಗ ಖಾಲಿ. "ನಿನಗ ಸಾಲಿಗೆ ಹೋಗೋದು ಆಸೆ ಐತೇನವಾ?" ಎಂದು ಅವಳನ್ನು ಯಾರೂ ಕೇಳಿಲ್ಲ.

ಕೇಳಿ ನೋಡಿರಿ. ಉತ್ತರ ಕೇಳಿದ ಮೇಲೆ ನಮ್ಮಲ್ಲಿಗೆ ಬನ್ನಿರಿ. ಒಂದು ಹೆರಿಗೆಯಿಂದ ಮುಂದಿನ ಹೆರಿಗೆಗೆ ಮೂರು ವರುಷವಾದರೂ ಅಂತರವಿದ್ದರೆ ತಾಯಿಯ ರಕ್ತ ತುಂಬಿಕೊಳ್ಳುವುದು, ಕೂಸಿಗೆ ಎದೆಹಾಲು ಸಾಕಷ್ಟು ಸಿಗುವುದು, ಹಿರಿಯ ಮಗಳು ಪಾಟಿಚೀಲ ಹಿಡಿಯುವಳು. ನಿರೋಧ್, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಕ್ಕಳು ಸಾಕೆನಿಸಿದವರಿಗೆ ಶಸ್ತ್ರಚಿಕಿತ್ಸೆ ಇದೆ. ಗಂಡಸರ ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆಯೂ ಇಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೂ ಗಂಡಸರು ಇದಕ್ಕೆ ಮುಂದೆ ಬರುವುದು ಅಪರೂಪ. ಹಿಂದಿನ ಬೆಂಚಿನಲ್ಲಿ ಕೆಲವರು ತಲೆ ತಗ್ಗಿಸಿದ್ದನ್ನು ಕಂಡೆ.

ನಮ್ಮ ಭಾಗದಲ್ಲಿ ಒಂದಾದ ಮೇಲೊಂದು ಹೆಣ್ಣು ಹುಟ್ಟಿದರೆ "ಇನ್ನು ಸಾಕು" ಎಂಬ ಅರ್ಥದಲ್ಲಿ ಸಾಕವ್ವ ಎಂದು ಹೆಸರಿಡುವ ವಾಡಿಕೆ ಇತ್ತು. ಆ ಹೆಸರಿನ ಹುಡುಗಿಗೆ ಕಿವಿ ಇಲ್ಲವೇ? ಗಂಡು ಬೇಕೆಂದು ಮನೆಯಲ್ಲಿ ಆಡುವ ಪ್ರತಿ ಮಾತನ್ನೂ ಒಲೆಯ ಮುಂದೆ ಕುಳಿತ ಹೆಣ್ಣುಮಗು ಕೇಳಿಸಿಕೊಳ್ಳುತ್ತಿರುತ್ತದೆ.

ಇನ್ನು ಮದುವೆಯ ವಿಚಾರ. ಕೂಸು ತೊಟ್ಟಿಲಲ್ಲಿರುವಾಗಲೇ ಸೋದರಮಾವನಿಗೆ ಕೊಡುವುದೆಂದು ಮಾತಾಗಿರುತ್ತದೆ. ಹುಡುಗಿ ದೊಡ್ಡವಳಾದೊಡನೆ ಹಿರಿಯರಿಗೆ ಆ ಮಾತು ನೆನಪಾಗುತ್ತದೆ. ಅವಳಿಗೆ ಹದಿನೈದು, ಅವನಿಗೆ ಮೂವತ್ತು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅಡಗಿರುವ ಒಂದೇ ದೋಷವು ಮಗುವಿನಲ್ಲಿ ಕೂಡಿ, ಕಿವುಡುತನ, ಬುದ್ಧಿಮಾಂದ್ಯ, ರಕ್ತದ ಕಾಯಿಲೆಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಹದಿನೆಂಟು ತುಂಬುವ ಮುನ್ನ ಬಸುರಿಯಾದರಂತೂ ರಕ್ತಹೀನತೆ, ಬಸುರಿನ ನಂಜು, ಹೆರಿಗೆಯ ತೊಡಕು, ತೂಕ ಕಡಿಮೆಯ ಕೂಸು, ಇವೆಲ್ಲವೂ ಬೆನ್ನಿಗೆ ಬರುತ್ತವೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು ತಂದ ತಿದ್ದುಪಡಿಯಂತೆ, ನಮ್ಮ ರಾಜ್ಯದಲ್ಲಿ ಹೆಣ್ಣಿಗೆ 18, ಗಂಡಿಗೆ 21 ತುಂಬದ ಮದುವೆ ಮೊದಲಿನಿಂದಲೇ ಮದುವೆಯೇ ಅಲ್ಲ. ಹದಿನೆಂಟು ತುಂಬದ ಹೆಂಡತಿಯೊಡನೆ ಸಂಸಾರ ಮಾಡುವುದು ಅಪರಾಧವೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆದರೆ ಪೋಲೀಸರ ಭಯಕ್ಕಿಂತ ಮೊದಲು ಬರಬೇಕಾದುದು ಹುಡುಗಿಯನ್ನು ಕೇಳುವುದು. ಬೀಗರೆಲ್ಲ ಕೂಡಿದ ಪಡಸಾಲೆಯಲ್ಲಿ "ನಿನಗ ಒಪ್ಪಿಗಿ ಐತೇನು?" ಎಂದು ಕೇಳಿದರೆ ಯಾವ ಹುಡುಗಿ ತಾನೇ ಇಲ್ಲ ಎಂದಾಳು? ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿರಿ. ತಾಯಿಯೊಬ್ಬಳೇ, ರಾತ್ರಿ ತಲೆ ಬಾಚುತ್ತ ಕೇಳಲಿ. ಮನೆಯಲ್ಲಿ ಕೇಳುವವರೇ ಇಲ್ಲದ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿ ಹಗಲಿರುಳೂ ಇದೆ. ಈ ಸಂಖ್ಯೆಯನ್ನು ನಿಮ್ಮ ಮಕ್ಕಳಿಗೆ ನೀವೇ ಬಾಯಿಪಾಠ ಮಾಡಿಸಿರಿ.

ಮಕ್ಕಳಿಗೆ ಅಷ್ಟು ತಿಳಿವಳಿಕೆ ಎಲ್ಲಿಂದ ಬರಬೇಕು ಎಂದು ಹಿರಿಯರು ಕೇಳುವುದುಂಟು. ಕರಾವಳಿಯ ಕುಂದಾಪುರ ತಾಲೂಕಿನ ಸಂಗತಿ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ 1990ರಲ್ಲಿ ದುಡಿಯುವ ಮಕ್ಕಳು ಭೀಮ ಸಂಘವೆಂಬ ತಮ್ಮದೇ ಸಂಘ ಕಟ್ಟಿಕೊಂಡರು. ಮುಂದೆ ಕುಂದಾಪುರದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಅಲ್ಲಿಯ ಬಳ್ಕೂರಿನ ಮಕ್ಕಳು ತಮ್ಮೂರಿನ ಓಡಾಟ ಮತ್ತು ಸಾರಿಗೆಯ ತೊಂದರೆಗಳನ್ನು ತಾವೇ ವಿಚಾರಿಸಿ ಅಧ್ಯಯನ ಮಾಡಿದರು. ಅದರ ವರದಿ ಪುಸ್ತಕವಾಗಿ ಹೊರಬಂದಿತು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಕಷ್ಟ, ದಿನವೂ ದಾಟುವ ಮಗುವಿಗೆ ತಿಳಿದಷ್ಟು ಜೀಪಿನಲ್ಲಿ ಬಂದು ಹೋಗುವ ನಮ್ಮಂತಹ ಅಧಿಕಾರಿಗಳಿಗೆ ಹೇಗೆ ತಿಳಿದೀತು?

ಈಗ ಸರ್ಕಾರದ ಆದೇಶದಂತೆ ಗ್ರಾಮ ಪಂಚಾಯಿತಿಗಳು ವರುಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಳ್ನಾವರ ಪಟ್ಟಣವಾದರೂ ಸುತ್ತಲಿನ ಹಳ್ಳಿಗಳಿಗೆ ಗ್ರಾಮ ಪಂಚಾಯಿತಿಗಳಿವೆ. ಅಂದು ಮಕ್ಕಳನ್ನು ದನ ಕಾಯಲು ಕಳಿಸದೆ ಸಭೆಗೆ ಕಳಿಸಿರಿ. ಹೋಗುವ ಮುನ್ನ "ಇದನ್ನ ಹೇಳು, ಅದನ್ನ ಹೇಳಬ್ಯಾಡ" ಎಂದು ಪಾಠ ಮಾಡಬೇಡಿರಿ. ಶಾಲೆಯ ಪಾಯಖಾನೆಗೆ ನೀರಿಲ್ಲವೆಂದೋ, ಸಾರಾಯಿ ಕುಡಿದವರ ಕಾಟದಿಂದ ಬಸ್ ಸ್ಟ್ಯಾಂಡಿನ ದಾರಿ ಬೇಡವಾಗಿದೆಯೆಂದೋ ಅವರು ಹೇಳಿದರೆ ಸಿಟ್ಟಾಗಬೇಡಿರಿ, ಕುಡಿದವರು ನಿಮ್ಮ ಬೀಗರೇ ಆಗಿದ್ದರೂ.

ನನ್ನದೊಂದು ಬಿನ್ನಹ ಉಳಿದಿದೆ. ಇನ್ನು ಮುಂದೆ ಮಗುವಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಆಸ್ಪತ್ರೆಗೆ ಬಂದಾಗ, ನನ್ನ ಪಕ್ಕದ ಸ್ಟೂಲಿನ ಮೇಲೆ ಮಗುವನ್ನು ಕೂರಿಸಿರಿ. ಮೊದಲು ಅದು ಮಾತಾಡಲಿ. ನಾನು ಮರೆತು ನಿಮ್ಮನ್ನೇ ಕೇಳಲು ಹೊರಟರೆ, "ಮೊದಲ ಕೂಸಿನ್ನ ಕೇಳ್ರಿ ಡಾಕ್ಟರ್ ಸಾಹೇಬ್ರ" ಎಂದು ನನಗೂ ನೆನಪು ಮಾಡಿರಿ.