ಅತಿಥಿಯನ್ನು ಕರೆಯುವ ಬರಹ



ಗದಗಿನಿಂದ ಹೊಸಪೇಟೆಯ ದಾರಿಯಲ್ಲಿ ಸುಮಾರು 12 ಕಿಲೋಮೀಟರು ಸಾಗಿದರೆ ಲಕ್ಕುಂಡಿ ಎಂಬ ಊರು ಸಿಗುತ್ತದೆ. ಶಾಸನಗಳು ಇದನ್ನು ಲೊಕ್ಕಿಗುಂಡಿ ಎಂದು ಕರೆದಿವೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಚಳಕವನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ವಿರಳ. ಆದರೆ ಬಾದಾಮಿ, ಪಟ್ಟದಕಲ್ಲುಗಳನ್ನು ನೋಡಿಕೊಂಡು ಹಂಪೆಗೆ ಧಾವಿಸುವ ಪ್ರವಾಸಿಗರು ಈ ಊರಿಗೆ ಕೊಡುವುದು ಅರ್ಧ ಗಂಟೆ. ಒಂದೆರಡು ಗುಡಿಗಳ ಮುಂದೆ ನಿಂತು ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಊಟ ಒಂದು ಊರಿನಲ್ಲಿ, ರಾತ್ರಿಯ ನಿದ್ರೆ ಮತ್ತೊಂದು ಊರಿನಲ್ಲಿ. ಲಕ್ಕುಂಡಿಯ ಪಾಲಿಗೆ ಉಳಿಯುವುದು ನಾಲ್ಕು ಲೋಟ ಚಹಾದ ಬೆಲೆ ಮತ್ತು ವಾಹನಗಳು ಎಬ್ಬಿಸಿದ ಧೂಳು.

ಇಂಥ ಊರುಗಳಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗಾಗಿ ತೆರವು ಮಾಡಿಟ್ಟವರಿದ್ದಾರೆ. ಖಾನಾವಳಿ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಆಟೋ ಓಡಿಸುವವರು, ಗುಡಿಗಳನ್ನು ತೋರಿಸಿ ವಿವರಿಸುವವರು ಇದ್ದಾರೆ. ದೊಡ್ಡ ಹೋಟೆಲುಗಳಂತೆ ಜಾಹೀರಾತಿಗೆ ಹಣ ಸುರಿಯುವ ಶಕ್ತಿ ಇವರಿಗಿಲ್ಲ. ಇವರ ಬಾಗಿಲಿಗೆ ಅತಿಥಿಗಳು ಬರುವುದು ಹೇಗೆ? ಕನ್ನಡವನ್ನು ಪಾಠ ಹೇಳಿಯೇ ಬದುಕು ಸಾಗಿಸಿದ ನನಗೆ ಈ ಪ್ರಶ್ನೆಗೆ ತೋರುವ ಉತ್ತರ ಒಂದೇ: ಅವರು ತಮ್ಮ ಊರಿನ ಬಗೆಗೆ ತಾವೇ ಬರೆಯಬೇಕು, ಬರೆಯುತ್ತಲೇ ಇರಬೇಕು.

ಬರಹವು ಜನರನ್ನು ಊರಿಗೆ ಕರೆತರುತ್ತದೆ ಎಂಬುದು ಹೊಸ ಮಾತಲ್ಲ. 1810ರಲ್ಲಿ ವಾಲ್ಟರ್ ಸ್ಕಾಟ್ ಕವಿಯ ‘ದಿ ಲೇಡಿ ಆಫ್ ದಿ ಲೇಕ್’ ಪ್ರಕಟವಾದಾಗ, ಆ ಕಾವ್ಯದಲ್ಲಿ ಬರುವ ಕ್ಯಾಟ್ರಿನ್ ಸರೋವರವನ್ನು ಕಾಣಲು ಜನ ಗುಂಪುಗೂಡಿ ಹೊರಟರು. ಸುತ್ತಲಿನ ವಸತಿಗೃಹಗಳಲ್ಲಿ ಕಾಲಿಡಲು ಸ್ಥಳವಿಲ್ಲದಂತಾಯಿತು. ನಮ್ಮಲ್ಲಿಯೇ ನೋಡಿ, ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಗೆ ಇಂದಿಗೂ ಜನ ಹೋಗುತ್ತಾರೆ. ಮಲೆನಾಡಿನಲ್ಲಿ ಗುಡ್ಡಗಳಿಗೇನು ಕೊರತೆ? ಆದರೆ ಕವಿಶೈಲವನ್ನು ಕುವೆಂಪು ಅವರ ಅಕ್ಷರಗಳಲ್ಲಿ ಮೊದಲೇ ಏರಿದವರು, ಕಾಲಿನಿಂದಲೂ ಏರಬೇಕೆಂದು ಅಲ್ಲಿಗೆ ಬರುತ್ತಾರೆ.

ಲಕ್ಕುಂಡಿಗಂತೂ ಈ ವಿಷಯದಲ್ಲಿ ತನ್ನದೇ ಆದ ಪರಂಪರೆಯಿದೆ. ಇಲ್ಲಿನ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಒಂದೊಂದು ಓಲೆಯನ್ನೂ ಕೈಯಿಂದ ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳು! ಕಲ್ಲಿನ ಗುಡಿ ತಾನಿದ್ದಲ್ಲಿಯೇ ನಿಲ್ಲುತ್ತದೆ, ಓಲೆಯ ಅಕ್ಷರ ಮಾತ್ರ ಊರೂರಿಗೆ ನಡೆದು ಹೋಗುತ್ತದೆ ಎಂಬುದು ಆ ಮಹಾತಾಯಿಗೆ ತಿಳಿದಿತ್ತು. ಇಂದು ಓಲೆ ಕೊರೆಯುವ ಶ್ರಮವಿಲ್ಲ. ಕೈಯಲ್ಲಿರುವ ಫೋನಿನಿಂದಲೇ ನಮ್ಮ ಬರಹವನ್ನು ಲೋಕಕ್ಕೆ ಮುಟ್ಟಿಸಬಹುದು. ಆದರೂ ಅತ್ತಿಮಬ್ಬೆಯ ಊರಿನಲ್ಲಿ ಬರೆಯುವವರು ಕಡಮೆ.

ನನ್ನ ಹಳೆಯ ಶಿಷ್ಯನೊಬ್ಬ ಆ ಭಾಗದ ರೈತ. ಮಳೆಯನ್ನೇ ನಂಬಿದ ಹೊಲ. ಅಣ್ಣ ದುಡಿಮೆಗೆಂದು ಬೆಂಗಳೂರು ಸೇರಿದ ಮೇಲೆ ಮನೆಯ ಎರಡು ಕೋಣೆಗಳು ಖಾಲಿ ಬಿದ್ದಿದ್ದವು. ಅವುಗಳಿಗೆ ಸುಣ್ಣ ಬಳಿದು ಅತಿಥಿಗಳಿಗೆ ಕೊಡಬೇಕೆಂದು ಯೋಚಿಸಿ ಒಂದು ದಿನ ನನ್ನ ಬಳಿಗೆ ಬಂದ. “ಸರ್, ನಮ್ಮ ಮನಿಗೊಂದು ಛಲೋ ಜಾಹೀರಾತು ಬರದು ಕೊಡ್ರಿ” ಎಂದು ಕೇಳಿದ. ತಾನೇ ಒಂದು ಕರಡನ್ನೂ ಸಿದ್ಧಮಾಡಿ ತಂದಿದ್ದ. ಅದರಲ್ಲಿ ‘ಸ್ವರ್ಗಸದೃಶ’ ಎಂಬ ಮಾತಿತ್ತು. ‘ಸಕಲ ಸೌಕರ್ಯ’ ಎಂಬ ಮಾತಿತ್ತು. ‘ಒಮ್ಮೆ ಭೇಟಿ ಕೊಡಿ’ ಎಂಬ ವಿನಂತಿಯಿತ್ತು. “ಇದರಲ್ಲಿ ನಿನ್ನ ಊರಿನ ಹೆಸರನ್ನು ಅಳಿಸಿ ಊಟಿಯೆಂದು ಬರೆದರೆ ಏನಾದರೂ ವ್ಯತ್ಯಾಸವಾಗುತ್ತದೆಯೇನಪ್ಪ?” ಎಂದೆ. ಆತ ನಕ್ಕು ಸುಮ್ಮನಾದ.

ಆತನಿಗೆ ಒಂದು ನೋಟುಬುಕ್ಕು ಕೊಟ್ಟು, ಬಂದವರು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದಂತೆಯೇ ಬರೆದಿಡು ಎಂದು ಹೇಳಿ ಕಳುಹಿಸಿದೆ. ತಿಂಗಳೊಪ್ಪತ್ತಿನಲ್ಲಿ ಪುಟಗಳು ತುಂಬಿದವು. ಗದಗಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಮೊಣಕಾಲು ನೋವಿರುವ ತಾಯಿ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿಯಬಹುದೆ? ರೊಟ್ಟಿ ತಿನ್ನಲಾರದ ಮಗುವಿಗೆ ಮೆತ್ತಗಿನ ಅನ್ನ ಸಿಕ್ಕೀತೆ? ಏಪ್ರಿಲ್ ತಿಂಗಳ ಬಿಸಿಲನ್ನು ತಡೆದುಕೊಳ್ಳಬಹುದೆ? ಕೆತ್ತನೆ ಚೆನ್ನಾಗಿ ಕಾಣಬೇಕಾದರೆ ಯಾವ ಹೊತ್ತಿಗೆ ಹೋಗಬೇಕು? ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಏಕಿದೆ?

ಈ ಪ್ರಶ್ನೆಗಳೇ ಆತನ ಬರಹದ ಮೊದಲ ಅಧ್ಯಾಯಗಳಾದವು. ಒಂದೊಂದಕ್ಕೂ ಒಂದೊಂದು ಪುಟದ ಉತ್ತರ. ಕಾಶಿವಿಶ್ವನಾಥನ ಗುಡಿ ಪೂರ್ವಕ್ಕೆ ಮುಖಮಾಡಿದೆ. ಅದೇ ಜಗಲಿಯ ಮೇಲೆ ಅದಕ್ಕೆದುರಾಗಿ ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖಮಾಡಿದೆ. ಆದ್ದರಿಂದ ಬೆಳಗಿನ ಎಳೆಬಿಸಿಲಿನಲ್ಲಿ ಒಮ್ಮೆ, ಸಂಜೆಯ ಬೆಳಕಿನಲ್ಲಿ ಮತ್ತೊಮ್ಮೆ ಬರಬೇಕು ಎಂದು ಆತ ಬರೆದ. ಈ ಒಂದು ಮಾತಿನಲ್ಲಿ ಎಷ್ಟು ವ್ಯವಹಾರ ಅಡಗಿದೆಯೆಂಬುದನ್ನು ಗಮನಿಸಿ! ಬೆಳಗ್ಗೆಯೂ ಸಂಜೆಯೂ ನೋಡಬೇಕೆಂದು ಮನಸ್ಸು ಮಾಡಿದವನು ಮಧ್ಯಾಹ್ನ ಅಲ್ಲಿಯೇ ಊಟ ಮಾಡುತ್ತಾನೆ. ಸಂಜೆ ಕತ್ತಲಾದ ಮೇಲೆ ಆತನಿಗೆ ಮಲಗಲು ಒಂದು ಕೋಣೆಯೂ ಬೇಕಾಗುತ್ತದೆ.

ಹಾಗೆ ಉಳಿದವನಿಗೆ ಮರುದಿನ ತೋರಿಸಲು ಆ ಸೀಮೆಯಲ್ಲಿ ಏನಿಲ್ಲ? ಕುಮಾರವ್ಯಾಸನು ಕುಳಿತು ಕಾವ್ಯ ರಚಿಸಿದನೆಂದು ಪ್ರತೀತಿಯಿರುವ ವೀರನಾರಾಯಣನ ಗುಡಿಯೂ ತ್ರಿಕೂಟೇಶ್ವರನ ಗುಡಿಯೂ ಗದಗಿನಲ್ಲಿಯೇ ಇವೆ. ಡಂಬಳದಲ್ಲಿ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯಿದೆ. ಕುಕನೂರಿನ ಬಳಿಯ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಗುಡಿಯಿದೆ. ಚಳಿಗಾಲವಾದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದಿರುತ್ತವೆ; ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿ, ಯಾವುದು ಮೊದಲು, ಯಾವುದು ಆಮೇಲೆ, ನಡುವೆ ನೀರೆಲ್ಲಿ, ನೆರಳೆಲ್ಲಿ ಎಂದು ಹೇಳಬಲ್ಲವನು ಅಲ್ಲಿಯ ನಿವಾಸಿಯೇ ಹೊರತು ದೂರದ ನಗರದಲ್ಲಿ ಕುಳಿತ ಪ್ರವಾಸಸಂಸ್ಥೆಯಲ್ಲ.

ಇಂಥ ಬರಹ ಫಲಿಸಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು ಸತ್ಯ. ಬೇಸಗೆಯ ಮಧ್ಯಾಹ್ನ ಬಿಸಿಲು ಕಠಿಣ, ವಿದ್ಯುತ್ತು ಕೈಕೊಡುವುದುಂಟು, ಸ್ನಾನಕ್ಕೆ ಬಿಸಿನೀರು ಒಲೆಯ ಮೇಲಿನ ಹಂಡೆಯಿಂದ ಬರಬೇಕು. ಇದ್ದದ್ದನ್ನು ಇದ್ದಂತೆ ಬರೆದರೆ ಕೆಲವರು ಬಾರದಿರಬಹುದು. ಆದರೆ ತಿಳಿದು ಬಂದವರು ಗೊಣಗುವುದಿಲ್ಲ. ಹತ್ತು ಸುಳ್ಳು ವಿಶೇಷಣಗಳನ್ನು ನಂಬಿ ಬಂದು ಮೋಸಹೋದವನು ನೂರು ಜನರನ್ನು ತಡೆಯುತ್ತಾನೆ.

ಎರಡನೆಯದು ನಿರಂತರತೆ. ಊರು ತಿಂಗಳಿಗೊಂದು ರೂಪ ತಾಳುತ್ತದೆ. ಮುಂಗಾರಿನಲ್ಲಿ ಎರೆಭೂಮಿಯ ವಾಸನೆ ಬೇರೆ, ಹಿಂಗಾರಿನಲ್ಲಿ ಬಿಳಿಜೋಳದ ಹೊಲದ ಚೆಲುವು ಬೇರೆ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಆ ಊಟಕ್ಕೆ ಒಬ್ಬ ಪರಸ್ಥಳದವನನ್ನು ಕರೆದರೆ ಆತ ಜನ್ಮದಲ್ಲಿ ಮರೆಯಲಾರ. ಆದರೆ ಹಬ್ಬಕ್ಕೆ ತಿಂಗಳು ಮೊದಲೇ ಬರೆದು ತಿಳಿಸದಿದ್ದರೆ ಆತನಿಗೆ ಗೊತ್ತಾಗುವುದು ಹೇಗೆ? ಒಮ್ಮೆ ಬರೆದು ಕೈತೊಳೆದುಕೊಂಡ ಬರಹ ಹಳೆಯ ಪಂಚಾಂಗದಂತೆ, ಗೋಡೆಯ ಮೇಲಿದ್ದರೂ ಪ್ರಯೋಜನಕ್ಕೆ ಬಾರದು.

ಮೂರನೆಯದು ನೆರೆಹೊರೆಯ ಹಿತ. ತನ್ನ ಕೋಣೆಯನ್ನಷ್ಟೇ ಹೊಗಳಿಕೊಂಡವನ ಬರಹವನ್ನು ಯಾರೂ ಎರಡನೆಯ ಸಲ ಓದುವುದಿಲ್ಲ. ಎಣ್ಣೆಗಾಯಿ ಬದನೆಯ ಪಲ್ಯ ಯಾರ ಖಾನಾವಳಿಯಲ್ಲಿ ರುಚಿ, ಬೆಟಗೇರಿಯಲ್ಲಿ ಕೈಮಗ್ಗದ ಸೀರೆಯನ್ನು ಎಲ್ಲಿ ಕೊಳ್ಳಬಹುದು, ಶಾಸನ ಓದಿ ಹೇಳಬಲ್ಲ ಹಿರಿಯರು ಯಾರು ಎಂದು ಬರೆದರೆ ಬಂದ ಅತಿಥಿಯ ಹಣ ನಾಲ್ಕು ಮನೆಗಳಿಗೆ ಹಂಚಿಹೋಗುತ್ತದೆ. ಆ ನಾಲ್ಕು ಮನೆಯವರೂ ಮುಂದೆ ಅತಿಥಿಗಳನ್ನು ಇವನ ಬಾಗಿಲಿಗೆ ಕಳುಹಿಸುತ್ತಾರೆ.

ನಾಲ್ಕನೆಯದು, ಮೊದಲು ಕನ್ನಡದಲ್ಲಿ ಬರೆಯಬೇಕೆಂಬುದು. ಇದು ಭಾಷಾಭಿಮಾನದಿಂದ ಮಾತ್ರ ಆಡಿದ ಮಾತಲ್ಲ. ಮೈಸೂರಿನ ಅಧ್ಯಾಪಕ, ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಶಾಲೆ, ನಿವೃತ್ತರಾಗಿ ನಾಡು ನೋಡಲು ಹೊರಟ ದಂಪತಿಗಳು, ಇವರೇ ವರ್ಷದುದ್ದಕ್ಕೂ ಬರುವ ಅತಿಥಿಗಳು. ತನ್ನ ಮಾತಿನಲ್ಲಿ ಬರೆದಾಗಲೇ ಮನುಷ್ಯನ ಬರಹಕ್ಕೆ ಅವನ ಮನೆಯ ಗಂಧ ಬರುತ್ತದೆ. ಇಂಗ್ಲಿಷಿಗೆ ಆಮೇಲೆ ತಿರುಗಿಸಿಕೊಳ್ಳಬಹುದು.

ಹೀಗೆ ಬರೆಯುವುದರಿಂದ ಮತ್ತೊಂದು ಲಾಭವುಂಟು. ಕೋಣೆಗಳನ್ನು ಕಾದಿರಿಸಿಕೊಡುವ ಮಧ್ಯವರ್ತಿಗಳು ಪ್ರತಿಯೊಬ್ಬ ಅತಿಥಿಯ ಹಣದಲ್ಲಿಯೂ ತಮ್ಮ ಪಾಲನ್ನು ಮುರಿದುಕೊಳ್ಳುತ್ತಾರೆ. ಅವರ ಪಟ್ಟಿಯಲ್ಲಿ ಊರು ಬರಿಯ ಹೆಸರು, ಮನೆ ಬರಿಯ ಬೆಲೆ. ಬರಹವನ್ನು ಓದಿ ಬಂದವನಾದರೋ ನೇರವಾಗಿ ಮನೆಯವರನ್ನೇ ವಿಚಾರಿಸುತ್ತಾನೆ, ಎರಡು ಪ್ರಶ್ನೆ ಹೆಚ್ಚು ಕೇಳುತ್ತಾನೆ, ಒಂದು ದಿನ ಹೆಚ್ಚು ನಿಲ್ಲುತ್ತಾನೆ. ನನ್ನ ಶಿಷ್ಯನ ಮನೆ ಇಂದಿಗೂ ಎರಡು ಕೋಣೆಗಳ ಮನೆಯೇ. ಆತನೇನೂ ಶ್ರೀಮಂತನಾಗಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷವೂ ಮಗಳ ಕಾಲೇಜಿನ ಶುಲ್ಕಕ್ಕಾಗಿ ಸಾಲ ಮಾಡಲಿಲ್ಲವೆಂದು ಮೊನ್ನೆ ಹೇಳಿದ. ನಾಲ್ಕು ಮುಖದ ಬ್ರಹ್ಮನ ಪ್ರಶ್ನೆಯ ಬೆನ್ನು ಹತ್ತಿ ಗದಗಿನ ಗ್ರಂಥಾಲಯದಲ್ಲಿ ಮೂರು ಪುಸ್ತಕ ಓದಿ ಮುಗಿಸಿದ್ದಾನೆ. ಪರೀಕ್ಷೆಗಾಗಿ ನಾನು ಓದಿಸಲಾರದಷ್ಟನ್ನು ಅತಿಥಿಯ ಒಂದು ಪ್ರಶ್ನೆ ಓದಿಸಿತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ವರ್ಡ್ಸ್‌ವರ್ತ್ ಕವಿ ಇಂಗ್ಲೆಂಡಿನ ತನ್ನ ಸರೋವರಗಳ ಸೀಮೆಯನ್ನು ಕುರಿತು 1810ರಲ್ಲಿ ಒಂದು ಮಾರ್ಗದರ್ಶಿ ಬರೆದ. ಅದು ಬೆಳೆದು 1835ರ ವೇಳೆಗೆ ಐದನೆಯ ಆವೃತ್ತಿಯನ್ನು ಕಂಡಿತು. ಅದೇ ಕವಿ 1844ರಲ್ಲಿ, ತನ್ನ ಸೀಮೆಗೆ ರೈಲು ಬರಬಾರದೆಂದು ಪತ್ರಿಕೆಗೆ ಬರೆಯಬೇಕಾಯಿತು. ಜನಜಂಗುಳಿ ನುಗ್ಗಿದರೆ ತಾನು ಹೊಗಳಿದ ನೆಮ್ಮದಿಯೇ ಹಾಳಾಗುವುದೆಂಬ ಆತಂಕ ಅವನದು. ರೈಲು 1847ರಲ್ಲಿ ಬಂದೇ ಬಂದಿತು. ನಮ್ಮ ಗಿರಿಧಾಮಗಳಲ್ಲಿ ರಜೆಯ ದಿನಗಳಂದು ಸಾಲುಗಟ್ಟುವ ವಾಹನಗಳನ್ನು ಕಂಡವರಿಗೆ ಆ ಆತಂಕ ಅರ್ಥವಾಗುತ್ತದೆ. ಆದ್ದರಿಂದ ಊರಿನವನು ಬರೆಯುವಾಗ ಕರೆಯುವುದರ ಜೊತೆಗೆ ಕಲಿಸಲೂಬೇಕು: ಮೂರ್ತಿಯನ್ನು ಮುಟ್ಟಬಾರದು, ಬಾವಿಗೆ ಕಸ ಎಸೆಯಬಾರದು, ಹಕ್ಕಿಗಳನ್ನು ದೂರದಿಂದಲೇ ನೋಡಬೇಕು, ಎರಡು ಕೋಣೆಗಳು ತುಂಬಿದ ದಿನ ಪಕ್ಕದ ಮನೆಯಲ್ಲಿ ವಿಚಾರಿಸಬೇಕು. ಹೊರಗಿನವನು ಬರೆದ ವರ್ಣನೆಯಲ್ಲಿ ಈ ಮಾತುಗಳು ಇರುವುದಿಲ್ಲ, ಏಕೆಂದರೆ ಹಾಳಾಗುವುದು ಅವನ ಊರಲ್ಲ.

ಮಿತ್ರರೆ, ನಿಮ್ಮ ನಿಮ್ಮ ಊರಿನಲ್ಲಿಯೂ ಒಂದು ಕೆರೆ, ಒಂದು ಕೋಟೆ, ಒಂದು ಶಾಸನ, ಕೊನೆಗೆ ಒಂದು ಬಗೆಯ ಊಟವಾದರೂ ಇದ್ದೇ ಇರುತ್ತದೆ. ಅತಿಥಿಗಳನ್ನು ನಂಬಿ ಬದುಕುವ ಒಂದೆರಡು ಮನೆಗಳೂ ಇರುತ್ತವೆ. ನಿಮ್ಮಲ್ಲಿ ಬರೆಯಬಲ್ಲವರು ಆ ಮನೆಯವರೊಡನೆ ಒಂದು ಸಂಜೆ ಕುಳಿತುಕೊಳ್ಳಿ. ಬರವಣಿಗೆ ಅವರದೇ ಆಗಿರಲಿ. ಕಾಗುಣಿತವನ್ನಷ್ಟೇ ನೀವು ತಿದ್ದಿಕೊಡಿ. ನಿವೃತ್ತ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನಂತೂ ಕಾಣೆ.