ಎದುರುಗಾಳಿಯಲ್ಲಿ 109 ಕಿಲೋಮೀಟರ್

(ವಿದ್ಯಾರ್ಥಿಗಳ ಸೈಕಲ್ ಜಾಥಾದ ಪೂರ್ವಸಿದ್ಧತಾ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗಾಳಿಯೆಂದರೇನೆಂದು ಘಟ್ಟದ ಜನರಿಗೆ ಹೇಳಿಕೊಡಬೇಕಾಗಿಲ್ಲ. ಆಷಾಢದ ಗಾಳಿಗೆ ಅಡಿಕೆಮರ ಬಾಗುವುದನ್ನೂ ಬಾಳೆ ಬುಡಸಹಿತ ಮಲಗುವುದನ್ನೂ ಕಂಡವರೇ ಈ ಸಭೆಯಲ್ಲಿದ್ದಾರೆ. ಆದರೆ ಸುಮಾರು 35,000 ಮಂದಿ ಸೈಕಲ್ ಹಿಡಿದು ಸಿದ್ಧರಾಗಿದ್ದ ಒಂದು ಮುಂಜಾನೆ, ಅವರೆಲ್ಲರನ್ನೂ ಗಾಳಿಯು ಮನೆಗೆ ಮರಳಿಸಿದ ಪ್ರಸಂಗ ಆಫ್ರಿಕಾ ಖಂಡದ ದಕ್ಷಿಣ ತುದಿಯಲ್ಲಿರುವ ಕೇಪ್‌ಟೌನ್ ನಗರದ್ದು. ಜಾಥಾ ಹೊರಡಲಿರುವ ವಿದ್ಯಾರ್ಥಿಗಳು ಅದನ್ನು ತಿಳಿದಿರುವುದು ಒಳ್ಳೆಯದು.

ಆ ನಗರದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ನಡೆಯುವ ಸಾಮೂಹಿಕ ಸೈಕಲ್ ಯಾನವು ಇಂದು ಜಗತ್ಪ್ರಸಿದ್ಧ. ಅದರ ಹುಟ್ಟು ಮಾತ್ರ ಕ್ರೀಡೆಯಲ್ಲಿಲ್ಲ, ಒಂದು ಹಕ್ಕೊತ್ತಾಯದಲ್ಲಿದೆ. 1977ರಲ್ಲಿ ಬಿಲ್ ಮೈಲ್ರಿ ಮತ್ತು ಜಾನ್ ಸ್ಟೆಗ್ಮನ್ ಎಂಬಿಬ್ಬರು ನಗರದಲ್ಲಿ ಸೈಕಲ್ ಸವಾರರಿಗೆ ಪ್ರತ್ಯೇಕ ದಾರಿ ಬೇಕೆಂದು ನೂರಾರು ಜನರನ್ನು ಕೂಡಿಸಿ ಬೀದಿಗಿಳಿದರು. ಕಾರುಗಳಿಗೆಂದೇ ರಸ್ತೆ ಅಗಲವಾಗುತ್ತಿದ್ದ ಕಾಲವದು. ಅಧಿಕಾರಿಗಳು ಒಡನೆ ದಾರಿ ಕಟ್ಟಿಕೊಡಲಿಲ್ಲ. ಆಗ ಆ ಬೇಡಿಕೆಯನ್ನು ಜನರ ಕಣ್ಣಮುಂದೆ ಇರಿಸುವ ಸಲುವಾಗಿ 1978ರಲ್ಲಿ ಮೊದಲ ಯಾನ ನಡೆಯಿತು. ಹೆಸರು ಕೊಟ್ಟವರು 525 ಮಂದಿ. ಸ್ಥಳೀಯ ದಿನಪತ್ರಿಕೆಯಾದ 'ಕೇಪ್ ಆರ್ಗಸ್' ಜತೆಗೂಡಿದ್ದರಿಂದ ಬಹುಕಾಲ ಅದು 'ಆರ್ಗಸ್' ಎಂದೇ ಪರಿಚಿತವಾಗಿತ್ತು. ನಮ್ಮ ಕಡೆ 1987ರ ನವೆಂಬರಿನಲ್ಲಿ ಹೊರಟ 'ಪಶ್ಚಿಮಘಟ್ಟ ಉಳಿಸಿ' ಪಾದಯಾತ್ರೆಯನ್ನು ಬಲ್ಲ ಹಿರಿಯರಿಗೆ ಈ ಮಾರ್ಗ ಅಪರಿಚಿತವೆನಿಸದು. ಒಂದು ಬೇಡಿಕೆಯನ್ನು ಕಾಗದದಲ್ಲಿ ಬರೆದು ಕಳುಹಿಸುವುದು ಬೇರೆ, ಅದನ್ನು ಕಾಲ ಬಲದಿಂದ ಊರೂರು ದಾಟಿಸುವುದು ಬೇರೆ.

ಈ ಯಾನದ ಹಾದಿ 109 ಕಿಲೋಮೀಟರ್. ನಗರದಿಂದ ಹೊರಟು, ಪರ್ಯಾಯದ್ವೀಪದ ಪೂರ್ವದ ಅಂಚಿನಲ್ಲಿ ಮ್ಯೂಜೆನ್‌ಬರ್ಗ್, ಸೈಮನ್ಸ್‌ಟೌನ್‌ಗಳ ಮೂಲಕ ಕಡಲ ಬದಿಯಲ್ಲೇ ದಕ್ಷಿಣಕ್ಕೆ ಸಾಗಿ, ಸ್ಮಿಟ್ಸ್‌ವಿಂಕೆಲ್ ಏರನ್ನು ಹತ್ತಿ ಪಶ್ಚಿಮಕ್ಕೆ ಹೊರಳುತ್ತದೆ. ಅಲ್ಲಿಂದ ಅಟ್ಲಾಂಟಿಕ್ ಸಾಗರದ ಪಕ್ಕದಲ್ಲಿ ಉತ್ತರಾಭಿಮುಖವಾಗಿ, ಚಾಪ್‌ಮನ್ಸ್ ಪೀಕ್ ಎಂಬ ಬೆಟ್ಟದ ಕಡಿದಾದ ಮೈಯಲ್ಲಿ ಕೊರೆದ ರಸ್ತೆಯನ್ನು ದಾಟಿ, ಹೌಟ್‌ಬೇ ಊರಿನ ಬಳಿಕ ಸೂಕರ್‌ಬೋಸಿ ಏರನ್ನು ಮುಗಿಸಿ ಮತ್ತೆ ನಗರಕ್ಕೆ ಬರುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ; ಸ್ಥೂಲವಾಗಿ ಇಷ್ಟೇ ಅದರ ಲೆಕ್ಕ.

ಗಾಳಿ ಆಗ್ನೇಯದ್ದು. ವಸಂತದಿಂದ ಬೇಸಗೆಯ ಕೊನೆಯವರೆಗೆ, ಎಂದರೆ ಅಲ್ಲಿನ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ, ಅದರ ಆಳ್ವಿಕೆ. ನಗರದ ಹೊಗೆಯನ್ನೂ ರೋಗವನ್ನೂ ಗುಡಿಸಿಕೊಂಡು ಹೋಗುತ್ತದೆಂಬ ಹಳೆಯ ನಂಬಿಕೆಯಿಂದ ಜನರು ಅದಕ್ಕೆ 'ಕೇಪಿನ ವೈದ್ಯ' ಎಂಬ ಹೆಸರಿಟ್ಟಿದ್ದಾರೆ. ಕಡಲಿನಿಂದ ಬಂದ ತೇವದ ಗಾಳಿ ಸಾವಿರ ಮೀಟರಿಗೂ ಮಿಗಿಲಾದ ಟೇಬಲ್ ಪರ್ವತವನ್ನು ಏರುವಾಗ ತಣಿದು ಮೋಡವಾಗುತ್ತದೆ. ಆ ಮೋಡ ಚಪ್ಪಟೆಯಾದ ನೆತ್ತಿಯ ಮೇಲೆ ಬಿಳಿಯ ಹಚ್ಚಡದಂತೆ ಹರಡಿ, ನಗರದ ಕಡೆಗೆ ಇಳಿಯುತ್ತಿದ್ದಂತೆ ಬಿಸಿಯಾಗಿ ಕರಗಿಹೋಗುತ್ತದೆ. ಮುಂಗಾರಿನ ಮೋಡ ಘಟ್ಟದ ಪಶ್ಚಿಮದ ಮೈಯಲ್ಲಿ ಸುರಿದು, ಬಯಲುಸೀಮೆಗೆ ಇಳಿಯುವಷ್ಟರಲ್ಲಿ ಬರಿದಾಗುವುದಕ್ಕೂ ಇದಕ್ಕೂ ಇರುವ ತತ್ತ್ವ ಒಂದೇ. ಬೆಟ್ಟಗಳ ನಡುವಣ ಕಂದರಗಳಲ್ಲಿ ನುಗ್ಗುವಾಗ, ಇಳಿಜಾರಿನಲ್ಲಿ ಕೆಳಗೆ ಧುಮುಕುವಾಗ, ಇದೇ ಗಾಳಿ ಇಮ್ಮಡಿ ರಭಸ ತಾಳಬಲ್ಲದು. ಆದುದರಿಂದ ಒಂದು ತಿರುವಿನಲ್ಲಿ ಎಲೆಯೂ ಅಲ್ಲಾಡದಿರಬಹುದು, ಮರುತಿರುವಿನಲ್ಲಿ ಸವಾರ ನೆಲಕ್ಕೆ ಬೀಳಬಹುದು.

ಇಲ್ಲಿ ವಿದ್ಯಾರ್ಥಿಗಳು ತುಸು ಗಣಿತವನ್ನು ಗಮನಿಸಬೇಕು. ಗಾಳಿಯ ಪ್ರತಿರೋಧವು ವೇಗದೊಡನೆ ಸರಿಸಮವಾಗಿ ಹೆಚ್ಚುವುದಿಲ್ಲ, ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನಿಶ್ಚಲ ಗಾಳಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುವವನಿಗೆ ಅದೇ ವೇಗದ ಎದುರುಗಾಳಿ ಸಿಕ್ಕರೆ, ಅವನ ಮೈಗೆ ತಾಗುವ ಗಾಳಿ 40 ಕಿಲೋಮೀಟರಿನದು. ತಡೆ ನಾಲ್ಕು ಪಟ್ಟು. ಹೋಗುವಾಗ ಕಳೆದುದನ್ನು ಬರುವಾಗ ಗಳಿಸಬಹುದಲ್ಲವೇ ಎಂದು ಹಲವರು ಕೇಳುವುದುಂಟು. ಅದೂ ಆಗದು. 20 ಕಿಲೋಮೀಟರನ್ನು 25ರ ವೇಗದಲ್ಲಿ ಹೋಗಿ ಬರಲು 96 ನಿಮಿಷ ಸಾಕು. ಎದುರುಗಾಳಿಯಲ್ಲಿ ವೇಗ 15ಕ್ಕೆ ಇಳಿದು, ಬೆನ್ನಗಾಳಿಯಲ್ಲಿ 35ಕ್ಕೆ ಏರಿತೆನ್ನಿ: ಹೋಗಲು 80 ನಿಮಿಷ, ಬರಲು ಸುಮಾರು 34 ನಿಮಿಷ, ಒಟ್ಟು 114. ಹದಿನೆಂಟು ನಿಮಿಷ ಗಾಳಿಯ ಪಾಲಾಯಿತು. ಬೆನ್ನಗಾಳಿಯಲ್ಲಿ ಓಡುವ ಸವಾರ ಆ ವೇಗವನ್ನು ತನ್ನ ಕಾಲಿನ ಶಕ್ತಿಯೆಂದೇ ತಿಳಿಯುತ್ತಾನೆಂಬುದು ಬೇರೆಯೇ ಮಾತು.

ಇಂತಹ ಗಾಳಿಯಲ್ಲಿ ಒಂಟಿ ಸವಾರ ಬಹುಬೇಗ ಬಳಲುತ್ತಾನೆ. ಗುಂಪಿನಲ್ಲಿ ಮುಂದಿನವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗೆ ಹತ್ತಿರವಿರುವವನಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶ್ರಮ ಉಳಿಯಬಲ್ಲದು. ಆದುದರಿಂದ ಅನುಭವಿಗಳು ಸರದಿ ಪಾಲಿಸುತ್ತಾರೆ. ಮುಂದಿದ್ದವನು ಕೆಲ ನಿಮಿಷಗಳ ಬಳಿಕ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗುತ್ತಾನೆ, ಮತ್ತೊಬ್ಬನು ಮುಂದಾಗುತ್ತಾನೆ. ನೇಗಿಲಿಗೆ ಕಟ್ಟಿದ ಎತ್ತನ್ನು ಬದಲಿಸುವ ರೀತಿ. ಅಡ್ಡಗಾಳಿಯಲ್ಲಿ ಈ ಸಾಲು ನೇರವಾಗಿದ್ದರೆ ಪ್ರಯೋಜನವಿಲ್ಲ. ಗಾಳಿ ಎಡದಿಂದ ಬಂದರೆ ಹಿಂದಿನವನು ಮುಂದಿನವನ ಬಲಕ್ಕೆ ತುಸು ಸರಿದು ಮರೆ ಪಡೆಯಬೇಕು. ಸಾಲು ಬಾನಿನಲ್ಲಿ ಹಾರುವ ಬೆಳ್ಳಕ್ಕಿಗಳ ಓರೆಗೆರೆಯಂತಾಗುತ್ತದೆ. ಕೇಪ್‌ಟೌನಿನಲ್ಲಿ ಆ ದಿನ ರಸ್ತೆಗೆ ವಾಹನ ಬಿಡುವುದಿಲ್ಲ, ಆದುದರಿಂದ ಅದು ಸಾಧ್ಯ. ಬಸ್ಸು, ಲಾರಿ ಓಡುವ ಘಟ್ಟದ ರಸ್ತೆಯಲ್ಲಿ ಯಾರೂ ಇದನ್ನು ಅನುಕರಿಸತಕ್ಕದ್ದಲ್ಲ. ಇಲ್ಲಿ ಒಂದೇ ಸಾಲು, ನಡುವೆ ಸಾಕಷ್ಟು ಅಂತರ, ಹ್ಯಾಂಡಲ್ ಮೇಲೆ ಬಿಗಿಯಿಲ್ಲದ ಹಿಡಿತ, ಬಾಗಿದ ಮೈ. ಮುಂದಿನ ಗಾಲಿಗೆ ಹಿಂದಿನ ಗಾಲಿ ತಗುಲಿದರೆ ಬೀಳುವವನು ಹೆಚ್ಚಾಗಿ ಹಿಂದಿನವನೇ. ಬ್ಯಾನರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವ ಉತ್ಸಾಹವಂತೂ ಗಾಳಿಯ ದಿನ ಕೂಡದು, ಅದು ಹಾಯಿಯಾಗಿಬಿಡುತ್ತದೆ.

ಇನ್ನು 2017ರ ಮಾರ್ಚ್ 12ರ ಪ್ರಸಂಗ. ಬೆಳಗಿನ ಜಾವದಲ್ಲಿಯೇ ಹೊರಡುವ ಸ್ಥಳದ ಸುತ್ತ ಗಾಳಿಯ ಹೊಡೆತ ಗಂಟೆಗೆ ಸುಮಾರು 100 ಕಿಲೋಮೀಟರ್ ಮುಟ್ಟಿತ್ತು. ಇಪ್ಪತ್ತರ ಗಾಳಿಗೆ ಹೋಲಿಸಿದರೆ ನಿಂತವನ ಮೇಲೂ ಇಪ್ಪತ್ತೈದು ಪಟ್ಟು ಒತ್ತಡ. ಸೈಕಲ್ ತಳ್ಳಿಕೊಂಡು ಬರುತ್ತಿದ್ದವರೇ ಉರುಳಿದರು, ಕೆಲವರ ಕೈಯಿಂದ ಸೈಕಲ್ ಹಾರಿಹೋಯಿತು. ಮೊದಲ ಕೆಲವು ತಂಡಗಳು ಹೊರಟ ಬಳಿಕ ವ್ಯವಸ್ಥಾಪಕರು ಯಾನವನ್ನು ರದ್ದುಪಡಿಸಿದರು. ವರ್ಷವಿಡೀ ಅಭ್ಯಾಸ ಮಾಡಿದವರು, ಹೊರದೇಶಗಳಿಂದ ಬಂದವರು ಎಷ್ಟೋ ಮಂದಿಯಿದ್ದರು. ಅವರ ನಿರಾಶೆ ಸಹಜ. ಆದರೂ ನಿರ್ಧಾರ ಸರಿಯಾದುದೇ. ಹೊರಟ ಮೇಲೆ ನಿಲ್ಲಿಸುವುದು ಹೊರಡುವುದಕ್ಕಿಂತ ಕಠಿಣ, ಸಂಘಟನೆ ದೊಡ್ಡದಾದಷ್ಟೂ ಕಠಿಣ.

ಆದರೆ ಅದೇ ಗಾಳಿ ಸೈಕಲ್ಲುಗಳನ್ನು ಮಾತ್ರ ಉರುಳಿಸಲಿಲ್ಲ. ಹಿಂದಿನ ದಿನ, ಯಾನದ ಹಾದಿಯಲ್ಲೇ ಇರುವ ಹೌಟ್‌ಬೇಯ ಬೆಟ್ಟದ ಮಗ್ಗುಲಿನ ಇಮಿಜಾಮೊ ಯೆತು ಎಂಬ ವಸತಿಗೆ ಬೆಂಕಿ ಬಿದ್ದಿತ್ತು. ತಗಡು, ಹಲಗೆಗಳ ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡಿರುವ ಬಡವರ ನೆಲೆಯದು. ಗಾಳಿ ಕಿಡಿಯನ್ನು ಸೂರಿನಿಂದ ಸೂರಿಗೆ ಒಯ್ದಿತು. ಸಾವಿರಾರು ಜನರು ನೆಲೆ ಕಳೆದುಕೊಂಡರು. ದುಬಾರಿ ಸೈಕಲ್ಲಿನ ಸವಾರನಿಗೆ ಒಂದು ದಿನದ ಆಟ ತಪ್ಪಿತು, ಗುಡಿಸಲಿನವನಿಗೆ ಮನೆಯೇ ಹೋಯಿತು. ಸವಾರರಿಗೆಂದು ಕೂಡಿಟ್ಟಿದ್ದ ನೀರು, ಆಹಾರ ಸಂತ್ರಸ್ತರ ಕಡೆಗೆ ಹೋದುದು ಆ ದಿನದ ಒಳ್ಳೆಯ ಸಂಗತಿ.

ಬೆಂಕಿಯ ಪ್ರಸ್ತಾಪ ಬಂದುದರಿಂದ ಇನ್ನೊಂದು ವಿಷಯ. 2015ರ ಮಾರ್ಚ್ ಮೊದಲ ವಾರದಲ್ಲಿ ಇದೇ ಪರ್ಯಾಯದ್ವೀಪದ ಬೆಟ್ಟಗಳು ದಿನಗಟ್ಟಲೆ ಉರಿದು, ಆ ವರ್ಷದ ಯಾನವನ್ನು 47 ಕಿಲೋಮೀಟರಿಗೆ ಮೊಟಕುಗೊಳಿಸಬೇಕಾಯಿತು. ಗಿಡ ಸುಟ್ಟ ಇಳಿಜಾರಿನಿಂದ ರಸ್ತೆಗೆ ಕಲ್ಲುರುಳುವ ಭಯವಿತ್ತು. ಅಲ್ಲಿನ 'ಫಿನ್‌ಬೋಸ್' ಎಂಬ ಕುರುಚಲು ಸಸ್ಯರಾಶಿಗೆ ಕಾಲಕಾಲಕ್ಕೆ ಬೆಂಕಿ ಬೇಕೇ ಬೇಕು. ಎಷ್ಟೋ ಬೀಜಗಳು ಬೆಂಕಿಯ ಬಳಿಕವೇ ಮೊಳೆಯುತ್ತವೆ. ಸಮಸ್ಯೆಯಿರುವುದು ಹೊರಗಿನಿಂದ ತಂದು ನೆಟ್ಟ ಪೈನ್, ನೀಲಗಿರಿ ಮತ್ತು ಆಸ್ಟ್ರೇಲಿಯಾದ ಅಕೇಶಿಯಾ ಜಾತಿಗಳಲ್ಲಿ. ಅವು ಉರುವಲಿನ ರಾಶಿಯನ್ನು ಹೆಚ್ಚಿಸುತ್ತವೆ, ಬೆಂಕಿಯ ತಾಪವನ್ನು ಏರಿಸುತ್ತವೆ, ತೊರೆಗಳ ನೀರನ್ನು ಕುಡಿಯುತ್ತವೆ. ಮಲೆನಾಡಿನ ಅಕೇಶಿಯಾ ನೆಡುತೋಪುಗಳ ವಿರುದ್ಧ ದನಿಯೆತ್ತಿದವರಿಗೆ ಈ ಪಟ್ಟಿ ಚೆನ್ನಾಗಿ ಗೊತ್ತು. ದಕ್ಷಿಣ ಆಫ್ರಿಕಾ ಸರಕಾರ 1995ರಲ್ಲಿ ಇಂತಹ ಮರಗಳನ್ನು ಕಡಿದು ನೀರುಳಿಸುವ ಕಾರ್ಯಕ್ರಮ ಆರಂಭಿಸಿ, ನಿರುದ್ಯೋಗಿಗಳಿಗೆ ಅದರಲ್ಲಿ ಕೂಲಿ ಕೊಟ್ಟಿತು. 2018ರಲ್ಲಿ ಜಲಾಶಯಗಳು ಬತ್ತಿ ತಲೆಗೆ ದಿನಕ್ಕೆ 50 ಲೀಟರ್ ನೀರೆಂಬ ಮಿತಿ ಬಂದಾಗ, ಆ ಕೆಲಸದ ಬೆಲೆ ನಗರದವರಿಗೂ ತಿಳಿಯಿತು.

ಜಾಥಾದ ವಿದ್ಯಾರ್ಥಿಗಳು ಹೊರಡುವ ಮುನ್ನವೇ ಒಂದು ವಿಷಯವನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಗಾಳಿಮಳೆ ಎದ್ದ ದಿನ ನಿಲ್ಲಿಸುವ ಅಧಿಕಾರ ಯಾರಿಗೆ? ಅದು ಅತಿ ಉತ್ಸಾಹಿಗೆ ಸಲ್ಲದು. ಸಾಲಿನ ಕೊನೆಯಲ್ಲಿ ಬರುವವರ ಸ್ಥಿತಿಯನ್ನು ಬಲ್ಲ ಒಬ್ಬರಿಗೆ ಅದನ್ನು ಈ ಸಭೆಯಲ್ಲಿಯೇ ಒಪ್ಪಿಸುವುದು ಲೇಸು. ಹಾದಿಯ ಊರುಗಳ ಹಿರಿಯರು ತಂತಮ್ಮ ಊರಿನಲ್ಲಿ ಗಾಳಿ ಹೊಡೆಯುವ ತಿರುವು ಯಾವುದು, ಒಣಗಿದ ಮರ ರಸ್ತೆಗೆ ವಾಲಿರುವುದು ಎಲ್ಲಿ, ತಂಗಲು ಶಾಲೆಯ ಜಗಲಿ ಸಿಗುವುದು ಎಲ್ಲಿ ಎಂದು ಇಂದೇ ಬರೆಸಿದರೆ ನಕ್ಷೆಯಲ್ಲಿ ಗುರುತಿಸಿಕೊಳ್ಳಬಹುದು.