ಏಣಿ ಹಿಡಿದರಷ್ಟೇ ಕಸಬು ಬಾರದು
(ಸಾರನಾಥದಲ್ಲಿ ಕನ್ನಡ ಬಂಧುಗಳ ಮುಂದೆ ಆಡಿದ ಮಾತು)



ಬುದ್ಧದೇವನು ಐವರು ಶಿಷ್ಯರಿಗೆ ಮೊದಲ ಉಪದೇಶ ಮಾಡಿದ ಸ್ಥಳವಿದು. ಗುರುಮುಖದಿಂದ ಕಲಿಯುವುದರ ಬೆಲೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ವಿದ್ಯುತ್ ಕೆಲಸಕ್ಕೆಂದು ನಾವು ಊರಿನಿಂದ ಕರೆತಂದ ಹುಡುಗರು ನಿಜಕ್ಕೂ ಕಲಿಯುತ್ತಿದ್ದಾರೆಯೇ, ಇಲ್ಲ ವರ್ಷಗಟ್ಟಲೆ ಏಣಿಯನ್ನೇ ಹಿಡಿದು ನಿಂತಿದ್ದಾರೆಯೇ?

ವಿದ್ಯುತ್ತು ಕನ್ನಡಿಗರಿಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆದರೂ ನಮ್ಮಲ್ಲಿ ಅನೇಕರು ಕಸಬು ಕಲಿತದ್ದು ಷಾಕ್ ಹೊಡೆಸಿಕೊಂಡೇ. ಹುಡುಗರಿಗೆ ಆ ಪಾಡು ಬೇಡ. ಮೊದಲ ಪಾಠವೇ ಕೊನೆಯ ಪಾಠವಾದೀತು.

1961ರ ಅಪ್ರೆಂಟಿಸ್ ಕಾಯಿದೆಯಂತೆ ಕಲಿಯುವವನಿಗೆ ಕರಾರುಪತ್ರ ಉಂಟು, ತಿಂಗಳ ಭತ್ಯ ಉಂಟು, ಕೊನೆಗೆ ಪರೀಕ್ಷೆಯೂ ಪ್ರಮಾಣಪತ್ರವೂ ಉಂಟು. ಬರಿಯ ಸಹಾಯಕನಿಗೆ ದಿನಗೂಲಿ ಸಿಕ್ಕೀತು, ಆ ಪತ್ರ ಸಿಗದು. ಗುಮಾಸ್ತ ಗೆಳೆಯರು ಅರ್ಜಿ ಬರೆದುಕೊಡಲಿ. ಕೆಲಸದಲ್ಲಿ ಪಳಗಿದವರು ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿಯೇ ಮುಟ್ಟುವುದನ್ನು ಕಲಿಸಲಿ.

ನಾವೂ ಕಲಿಯಬೇಕು. ಫ್ಯೂಸ್ ಇದ್ದೆಡೆ ಎಂ.ಸಿ.ಬಿ. ಬಂದಿದೆ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸಾಧನ ಬಂದಿದೆ, ಮಾಳಿಗೆಯ ಮೇಲೆ ಸೌರಫಲಕ ಬಂದಿದೆ. ಕೆಳಗೆ ಮೇನ್ ಸ್ವಿಚ್ ಆರಿಸಿದರೂ, ಬಿಸಿಲಿರುವ ತನಕ ಫಲಕದ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಇದನ್ನರಿಯದ ಮೇಸ್ತ್ರಿಯೂ ಅಪ್ರೆಂಟಿಸನೇ ಸರಿ.

ನಮ್ಮ ವಾಚನಾಲಯಕ್ಕೆ ಬರುವಾಗ ನಿಮ್ಮ ಹುಡುಗನನ್ನೂ ಕರೆತನ್ನಿ. ಅರ್ಜಿಯನ್ನು ಕೂಡಿ ಬರೆಯೋಣ.